ಆ ಒಂದು ಅಂಕ ಎಲ್ಲಿ ಹೋತು?

ಚಾಚಾರ ಬಲಗೈ ಹೆಬ್ಬೆರಳಿನ ಉಗುರು ಹಳೇ ಬೆಲ್ಲದ ಬಣ್ಣದ್ದು. ಉಳಿದ ಒಂಬತ್ತನ್ನೂ ವಾರಕ್ಕೊಮ್ಮೆ ನೀಟಾಗಿ ಕತ್ತರಿಸಿಕೊಳ್ಳುತ್ತಿದ್ದವರು ಅದೊಂದನ್ನು ಮಾತ್ರ ಬೆಳೆಯಲು ಬಿಟ್ಟು, ಉಜ್ಜಿ ಉಜ್ಜಿ ಉಳಿಯ ಹಾಗೆ ಚಪ್ಪಟೆ ಮಾಡಿಕೊಂಡಿದ್ದರು. ಸ್ಕ್ರೂ ತೆಗೆದ ಲ್ಯಾಪ್‌ಟಾಪಿನ ಅಂಚಿಗೆ ಆ ಉಗುರು ಕೊಟ್ಟು ಒಂದು ಸುತ್ತು ಎಳೆದರೆ ಸಾಕು, ತಳದ ಮುಚ್ಚಳ ಹಸಿ ಶೇಂಗಾ ಸುಲಿದಂತೆ ಟಕಟಕ ಬಿಚ್ಚಿಕೊಳ್ಳುತ್ತಿತ್ತು.

ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಹಿಂದೆ ಅವರ ರಿಪೇರಿ ಅಂಗಡಿ. ಮೊದಲು ರೇಡಿಯೋ, ಆಮೇಲೆ ಟಿ.ವಿ., ಕಡೆಗೆ ಲ್ಯಾಪ್‌ಟಾಪ್. ಕೆಡುವ ವಸ್ತುಗಳು ಬದಲಾದವು, ಚಾಚಾರ ಸಂಶಯ ಮಾತ್ರ ಹಾಗೇ ಇತ್ತು. "ಏನೂ ಮಾಡಿಲ್ರಿ, ತಾನ ಬಂದ್ ಆತು" ಎಂದು ಯಾರಾದರೂ ಲ್ಯಾಪ್‌ಟಾಪ್ ತಂದರೆ, ಮೊದಲು ಕೀಬೋರ್ಡನ್ನು ಮೂಗಿಗೆ ಹಿಡಿಯುತ್ತಿದ್ದರು.

"ಚಾ ಚೆಲ್ಲೀರಿ. ಅದೂ ಶುಂಠಿ ಚಾ."

ನಾನು ಗೊಳಸಂಗಿಯಿಂದ ದಿನಾ ಬೈಕಿನಲ್ಲಿ ಬಂದು, ಅದೇ ಸಾಲಿನಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ಮಾಡುವವನು. ನನ್ನ ಪ್ರತಿಭೆಗೆ ಹಳೇ ಲ್ಯಾಪ್‌ಟಾಪ್ ಸಾಲದು ಎಂದು ನನಗೊಬ್ಬನಿಗೇ ಅನ್ನಿಸಿತ್ತು. ಜೋಳದ ರೊಟ್ಟಿಯಷ್ಟು ತೆಳ್ಳಗಿನ ಹೊಸ ದುಬಾರಿ ಲ್ಯಾಪ್‌ಟಾಪೊಂದು ಬಂದಿತ್ತು. ಅದರ ಬಗ್ಗೆ ತಜ್ಞರು ಮಾಡಿದ ವಿಡಿಯೋಗಳನ್ನು ಎಷ್ಟು ನೋಡಿದೆನೆಂದರೆ, ಡಬ್ಬಿ ಬಿಚ್ಚುವ ಸದ್ದು ಕೇಳಿಯೇ ಯಾವ ತಜ್ಞ ಎಂದು ಹೇಳಬಲ್ಲವನಾಗಿದ್ದೆ.

"ಚಾಚಾ, ಹತ್ತಕ್ಕ ಒಂಬತ್ತು ಅಂಕ ಕೊಟ್ಟಾರ ನೋಡ್ರಿ" ಎಂದು ಮೊಬೈಲ್ ತೋರಿಸಿದೆ.

"ಉಳಿದ ಒಂದು ಎಲ್ಲಿ ಹೋತು?"

"ಅದನ್ನ ಹೇಳಿಲ್ರಿ."

"ಅದನ್ನ ಯಾಂವಾ ಹೇಳೂದಿಲ್ಲ ತಮ್ಮಾ. ಆ ಒಂದು ಅಂಕದ ಮ್ಯಾಲನ ನನ್ನ ಅಂಗಡಿ ನಡದೈತಿ."

"ಇವ್ರು ತಜ್ಞರು ಚಾಚಾ!"

"ಹೆಣ್ಣು ನೋಡಾಕ ಬಂದವ್ರು ಉಪ್ಪಿಟ್ಟು ತಿಂದು, ಚೊಲೋ ಐತಿ ಅಂತ ಎದ್ದು ಹೋಗ್ತಾರ. ಬಾಳೇವು ಮಾಡಾಂವ ಬ್ಯಾರೆ ಇರ್ತಾನ."

"ಕೊಂಡವ್ರೂ ಹೊಗಳ್ಯಾರಲ್ರಿ?"

"ಕೊಂಡು ಎಂಟು ದಿನ ಆದವ್ರು ಹೊಗಳದ ಏನ ಮಾಡ್ತಾರ? ಮಳ್ಳ ಆದ್ನಿ ಅಂತ ಊರಾಗ ಡಂಗುರ ಹೊಡೀತಾರ? ಒಂದು ಬ್ಯಾಸಗಿ ದಾಟಿದಾಂವನ್ನ ಕೇಳು."

ಇವರು ಸೆಕೆಂಡ್‌ಹ್ಯಾಂಡ್ ಮಾಲೂ ಮಾರುತ್ತಾರೆ, ಹೊಸದನ್ನು ಬೈಯದೆ ಇನ್ನೇನು ಮಾಡುತ್ತಾರೆ ಎಂದು ನಾನೂ ಅವರ ಮೇಲೆ ಸಂಶಯಪಟ್ಟು, ವಿಜಯಪುರಕ್ಕೆ ಹೋಗಿ ಅದನ್ನೇ ತಂದೆ. ಪರದೆಯ ಮೇಲಿನ ಪ್ಲಾಸ್ಟಿಕ್ ಕೀಳುವ ಮೊದಲೇ ಆನ್‌ಲೈನಿನಲ್ಲಿ ಐದು ಚುಕ್ಕಿ ಒತ್ತಿ, "ಜೀವನವೇ ಬದಲಾಯಿತು" ಎಂದು ಬರೆದೆ. ಅದರಲ್ಲಿ ಸುಳ್ಳೇನಿರಲಿಲ್ಲ. ಬೇಸಿಗೆ ಬಂತು, ಜೀವನ ಬದಲಾಯಿತು.

ನನ್ನ ತಗಡಿನ ಚಾವಣಿಯ ಕೆಳಗೆ ಅದು ಹಂಚಿನಂತೆ ಕಾಯತೊಡಗಿತು. ಎರಡು ಫ್ಲೆಕ್ಸ್ ಮಾಡುವಷ್ಟರಲ್ಲಿ ತಾನೇ ಮಲಗಿಬಿಡುತ್ತಿತ್ತು. ಜ್ವರ ಬಂದವರ ಹಣೆಗೆ ತಣ್ಣೀರು ಪಟ್ಟಿ ಹಾಕುತ್ತಾರಲ್ಲ, ಆ ಜ್ಞಾನ ಬಳಸಿ ನಾನು ಅದರ ಕೆಳಗೆ ಹಸಿ ಟವೆಲ್ ಹಾಸಿದೆ. ನೀರು ಒಳಗಿಳಿಯಿತು. ಆ ಬೇಸಿಗೆಯಲ್ಲಿ ಮೂರು ಸಲ ವಿಜಯಪುರಕ್ಕೆ ಹೊತ್ತೊಯ್ದು ರಿಪೇರಿ ಮಾಡಿಸಿದೆ. ಚಾಚಾಗೆ ತಿಳಿಯಬಾರದೆಂದು, ಬಸ್ಸಿಗೆ ನಡೆದು ಹೋಗುತ್ತಾ ಅವರ ಅಂಗಡಿ ದಾಟುವಾಗ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದೆ. ಬಾಗೇವಾಡಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ನಡೆದು ಹೋಗುವ ಒಬ್ಬನೇ ಮನುಷ್ಯ ನಾನು ಎಂಬುದು ಹೊಳೆಯಲೇ ಇಲ್ಲ.

ಮೊದಲ ಮಳೆ ಬಿದ್ದ ವಾರ. ತಾಲೂಕು ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕೂತು ಜನರಿಗೆ ಅರ್ಜಿ ಟೈಪ್ ಮಾಡಿಕೊಡುವ ಇಂಗಳೇಶ್ವರದ ಅಕ್ಕ, ಕೆಟ್ಟ ಲ್ಯಾಪ್‌ಟಾಪ್ ಹಿಡಿದು ಚಾಚಾರ ಅಂಗಡಿಯಲ್ಲಿ ಕೂತಿದ್ದರು. ಇನ್ನು ಇದು ಏಳುವುದಿಲ್ಲ ಎಂದು ಚಾಚಾ ಹೇಳಿಯಾಗಿತ್ತು. ಅಷ್ಟರಲ್ಲಿ ಹೆಗಲಿಗೆ ಬ್ಯಾಗ್ ಹಾಕಿಕೊಂಡು ನಾನು ಹೋದೆ.

"ತಮ್ಮಾ, ನೀ ಬರದದ್ದು ಓದೇನಿ. ಈಗ ವಿಜಯಪುರಕ್ಕ ಹೊಂಟೇನಿ, ನಿನ್ನಂಥದ್ದನ್ನ ತರಬೇಕಂತ ಮಾಡೇನಿ. ಖರೇ ಹೇಳು, ಹೆಂಗೈತಿ? ಇದು ನಿಂತ್ರ ನನ್ನ ಒಲಿ ನಿಂತಂಗ" ಎಂದರು ಅಕ್ಕ.

ಚಾಚಾ ನನ್ನನ್ನೇ ನೋಡುತ್ತಿದ್ದರು. ಇವರೆದುರು ಸೋಲುವುದೇ?

"ಕಣ್ಣು ಮುಚ್ಚಿ ತೊಗೋರಿ ಅಕ್ಕಾರ" ಎಂದೆ.

ಚಾಚಾ ನನ್ನ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದರು. ಬೋರಲು ಹಾಕಿ, ಹೆಬ್ಬೆರಳಿನ ಉಗುರನ್ನು ಸ್ಕ್ರೂಗಳ ತಲೆಯ ಮೇಲೆ ಮೆಲ್ಲಗೆ ಆಡಿಸಿದರು. ಉಗುರು ಒಂದು ಕಡೆ ತಡೆಯಿತು. ಇನ್ನೊಂದು ಕಡೆಯೂ ತಡೆಯಿತು. ಬಿಚ್ಚಿ ಬಿಚ್ಚಿ ಆ ಸ್ಕ್ರೂಗಳ ತಲೆ ಸವೆದಿತ್ತು. ಅವರು ಲ್ಯಾಪ್‌ಟಾಪನ್ನು ಬ್ಯಾಗಿಗೆ ಸೇರಿಸಿದರು. ಅಕ್ಕ ಬಸ್ಸಿಗೆ ಹೋದರು.

ಆಮೇಲೆ ಚಾಚಾ ತಲೆ ಎತ್ತದೆ ಹೇಳಿದರು: "ನಿನ್ನ ಮರ್ಯಾದಿ ನಾ ಉಳಸೇನಿ. ಆಕಿ ಒಲಿ ಯಾರು ಉಳಸ್ತಾರ?"

ಓಡಿದೆ. ಚಪ್ಪಲಿ ಹರಿಯಿತು. ಅವಸರದಲ್ಲಿ ಮುದ್ದೇಬಿಹಾಳದ ಬಸ್ ಹತ್ತಿ ಅಲ್ಲಿಯ ಹೆಂಗಸರನ್ನೆಲ್ಲ ದಿಟ್ಟಿಸಿ ನೋಡಿ ಬೈಸಿಕೊಂಡು ಇಳಿದೆ. ವಿಜಯಪುರದ ಬಸ್ಸಿನಲ್ಲಿ ಅಕ್ಕ ಕಿಟಕಿ ಪಕ್ಕ ಕೂತಿದ್ದರು. ಬಸ್ಸು ಗುರ್ ಎನ್ನುತ್ತಿತ್ತು. ಹಾಗಾಗಿ ಅದು ಹಂಚಿನಂತೆ ಕಾಯುವ ಸಂಗತಿ, ಹಸಿ ಟವೆಲ್, ಮೂರು ರಿಪೇರಿ, ಹೆಲ್ಮೆಟ್, ಎಲ್ಲವನ್ನೂ ಕೂಗಿಯೇ ಹೇಳಬೇಕಾಯಿತು.

"ಟಿಕೀಟ್ ತೊಗೋತಿಯೋ, ಇಳೀತಿಯೋ?" ಎಂದ ಕಂಡಕ್ಟರ್.

"ತಡೀರಿ ಕಂಡಕ್ಟರ್ ಸಾಹೇಬ್ರ" ಎಂದರು ಹಿಂದಿನ ಸೀಟಿನ ಅಜ್ಜ. "ನನ್ನ ಮೊಮ್ಮಗನೂ ಅದನ್ನ ತರಾಂವ ಅದಾನ. ಏ ತಮ್ಮಾ, ಆ ಟವೆಲ್ಲಿಂದು ಇನ್ನೊಮ್ಮಿ ಹೇಳು."

ಅಕ್ಕ ಇಳಿದರು. ಇಳಿಯುವಾಗ ನನಗೆ ಅಂದದ್ದನ್ನು ಇಲ್ಲಿ ಬರೆಯಲಾಗದು.

ಚಾಚಾ ಅಕ್ಕನಿಗೆ ಇಟ್ಟಂಗಿಯಷ್ಟು ದಪ್ಪದ ಹಳೇ ಲ್ಯಾಪ್‌ಟಾಪ್ ಕೊಟ್ಟರು. ಕೊಡುವ ಮೊದಲು ಅದರ ಐಬನ್ನೇ ಹೇಳಿದರು: "ಬ್ಯಾಟರಿ ಸುಸ್ತ್ ಐತಿ. ಮೂಲ್ಯಾಗ ಒಂದು ಗೆರಿ ಐತಿ. ಉಳಿದದ್ದು ನೀನ ನೋಡವ್ವಾ."

ಅಕ್ಕ ಹೋದ ಮೇಲೆ ಮತ್ತೆ ನನ್ನ ಸಂಶಯ ಕೆರಳಿತು. "ಖರೇ ಹೇಳ್ರಿ ಚಾಚಾ, ನಿಮ್ಮ ಮಾಲು ಮಾರಾಕ ನನ್ನ ಓಡಿಸಿದ್ರಿಲ್ಲೋ?"

ಚಾಚಾ ಕೆಮ್ಮುವಷ್ಟು ನಕ್ಕರು. "ಈಗ ಶ್ಯಾಣ್ಯಾ ಆದಿ. ನಾನೂ ಅಂಗಡ್ಯಾಂವನ. ಆಕಿನ್ನ ಒಂದು ಬ್ಯಾಸಗಿ ಆದ ಮ್ಯಾಲ ಕೇಳು."

ಆ ಚಳಿಗಾಲದಲ್ಲೇ ಚಾಚಾ ತೀರಿಹೋದರು. ಹಿಂದಿನ ದಿನ ಅಂಗಡಿಗೆ ಹೋಗಿದ್ದೆ. ರಿಪೇರಿಗೆ ಕೊಟ್ಟಿದ್ದ ನನ್ನ ತೆಳ್ಳಗಿನ ಲ್ಯಾಪ್‌ಟಾಪ್ ಅವರ ಟೇಬಲ್ಲಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. "ನಾಳಿ ಬಾ" ಎಂದಿದ್ದರು. ಮನೆ ಮುಂದೆ ಸೇರಿದ ಜನ ಅವರನ್ನು ಬಾಯಿತುಂಬ ಹೊಗಳುತ್ತಿದ್ದರು. ನಾನು ಮಾತ್ರ ಬಾಯಿ ಬಿಡಲಿಲ್ಲ. ಎಂಟು ದಿನದೊಳಗಿನ ಹೊಗಳಿಕೆಯನ್ನು ನಂಬಬಾರದೆಂದು ಕಲಿಸಿದವರೇ ಅವರು.

ಈಗ ಒಂದು ಬೇಸಿಗೆ ದಾಟಿದೆ. ಮೊನ್ನೆ ಬೇವಿನ ಗಿಡದ ಕೆಳಗೆ ಹೋಗಿ ಅಕ್ಕನನ್ನು ಕೇಳಿದೆ. ಟೈಪ್ ಮಾಡುವ ಕೈ ನಿಲ್ಲಿಸದೆ, "ನಡದೈತಿ ತಮ್ಮಾ" ಎಂದರು. ಆನ್‌ಲೈನಿನಲ್ಲಿ ನಾನು ಬರೆದದ್ದನ್ನು ಟವೆಲ್ ಸಮೇತ ತಿದ್ದಿದ್ದೇನೆ. ಚಾಚಾರ ಬಗ್ಗೆಯೂ ನನ್ನ ಅಭಿಪ್ರಾಯ ಈಗ ಹೇಳಬಹುದು: ಹತ್ತಕ್ಕೆ ಒಂಬತ್ತು.

ಉಳಿದ ಒಂದು ಎಲ್ಲಿ ಹೋತು ಎಂದು ಅವರೇ ಕೇಳುತ್ತಿದ್ದರು, ಅದಕ್ಕೇ ಹೇಳಿಬಿಡುತ್ತೇನೆ. ನಾಳಿ ಬಾ ಅಂದರು. ಹೋದೆ. ಅವರಿರಲಿಲ್ಲ.