ಅಂಗಳದಿಂದ ಎಸೆದ ಬೀಡಿಕಟ್ಟು

ಎಂಬತ್ತರ ದಶಕ ಮುಗಿಯುತ್ತಿದ್ದರೂ ನಮ್ಮೂರಿಗೆ ಕರೆಂಟು ಸರಿಯಾಗಿ ಬಂದಿರಲಿಲ್ಲ, ಏಡ್ಸ್ ಮಾತ್ರ ಬಂದಿತ್ತು. ತಂದವನು ನನ್ನ ಚಿಕ್ಕಪ್ಪ. ಶಿರಾದಿಂದ ಬೊಂಬಾಯಿಗೆ ಕಡಲೆಕಾಯಿ ಲಾರಿ ಓಡಿಸುತ್ತಿದ್ದವನು ಜ್ವರ ಬಿಡದೆ ಬೆಂಗಳೂರಿನ ಆಸ್ಪತ್ರೆ ಸೇರಿದ. ಅಲ್ಲಿ ರಕ್ತ ನೋಡಿ ಕಾಯಿಲೆಯ ಹೆಸರು ಹೇಳಿದರು. ಲೋಟ, ತಟ್ಟೆ ಮುಟ್ಟಿದರೆ ಅಂಟುವುದಿಲ್ಲ ಎಂದೂ ಹೇಳಿದರು. ಮೊದಲನೆಯ ಮಾತು ಚಿಕ್ಕಪ್ಪನಿಗಿಂತ ಮುಂಚೆ ಬಸ್ಸು ಹತ್ತಿ, ಮಿಡಿಗೇಶಿಯಲ್ಲಿ ಇಳಿದು, ನಮ್ಮ ಹಳ್ಳಿ ಸೇರಿತ್ತು. ಎರಡನೆಯದಕ್ಕೆ ಬಸ್ಸೇ ಸಿಗಲಿಲ್ಲ.

ನಮ್ಮದು ಕುರಿ ಕಾಯುವ ಮನೆತನ. ಎಲ್ಲ ಕಾಯಿಲೆಗೂ ಔಷಧಿ ಗೊತ್ತಿದ್ದವರು ಮನೆತನದ ಹಿರಿಯರಾದ ತಾತ, ಅಂದರೆ ಅಪ್ಪನ ಚಿಕ್ಕಪ್ಪ. ಅವರು ಅಂಗಳದಲ್ಲೇ ನಿಂತು ವೈದ್ಯ ಶುರು ಮಾಡಿದರು.

"ಕುರಿ ರೊಪ್ಪದಾಗೆ ಹೊಗೆ ಹಾಕಿದ್ರೆ ನೊಣ, ಹುಳ ಎಲ್ಲಾ ಓಡೋಯ್ತವೆ. ಕುರಿಗೆ ಆಗೋದು ಮನ್ಸಂಗೆ ಯಾಕಾಗಲ್ಲ? ಬೀಡಿ ಸೇದ್ಲಾ, ಒಳಗಿರೋ ಹುಳ ಸಾಯ್ತವೆ" ಎಂದು ಒಂದು ಕಟ್ಟು ಎಸೆದರು. ಗುರಿ ಚೆನ್ನಾಗಿತ್ತು, ಜಗಲಿಯ ಮೇಲೆ ಕೂತಿದ್ದ ಚಿಕ್ಕಪ್ಪನ ತೊಡೆಯ ಮೇಲೇ ಬಿತ್ತು.

ಅಲ್ಲಿಂದ ಮುಂದೆ ನೋಡಲು ಬಂದವರೆಲ್ಲ ಅದನ್ನೇ ತಂದರು. ಬೇರೆ ರೋಗಿಗಳಿಗೆ ಬ್ರೆಡ್ಡು, ಬಾಳೆಹಣ್ಣು, ನಮ್ಮವನಿಗೆ ಬೀಡಿ. ಪಾವಗಡದ ನೆಂಟರೊಬ್ಬರು "ಏಮೀ ಕಾದು, ಏನೂ ಆಗಲ್ಲ, ಸೇದಪ್ಪಾ" ಎಂದು ಎರಡು ಭಾಷೆಯಲ್ಲಿ ಧೈರ್ಯ ಹೇಳಿ, ಮನೆಯ ನೀರು ಕೂಡ ಮುಟ್ಟದೆ ಹೋದರು. ಮೊದಲು ಲಾರಿಯಲ್ಲಿ ನಿದ್ದೆ ಬಂದಾಗಷ್ಟೇ ಸೇದುತ್ತಿದ್ದ ಚಿಕ್ಕಪ್ಪ ಈಗ ಔಷಧಿಯೆಂದು ಒಂದಾದ ಮೇಲೊಂದು ಹಚ್ಚಿದ. ಆ ನೆಪಕ್ಕಾದರೂ ನಾಲ್ಕು ಜನ ತನ್ನನ್ನು ನೋಡಲು ಬರುತ್ತಾರಲ್ಲ ಎಂದು ಅವನಿಗೆ ಖುಷಿಯೂ ಇತ್ತು.

ಒಂದೆರಡು ವರ್ಷದಲ್ಲಿ ಅವನ ಕೆನ್ನೆಯ ಒಳಗೆ ಬಿಳಿ ಕಲೆಯೊಂದು ಕಾಣಿಸಿ, ಆಮೇಲೆ ಹುಣ್ಣಾಯಿತು. ಡಾಕ್ಟರಿಗೆ ತೋರಿಸೋಣ ಎಂದು ಚಿಕ್ಕಮ್ಮ ಅಂಗಲಾಚಿದಳು.

"ಅದೇ ಕಾಯ್ಲೆ ಬಾಯಿಗೆ ಬಂದೈತೆ ಕಣಮ್ಮ. ಹೊಸದಾಗಿ ತೋರ್ಸೋದೇನು?" ಎಂದರು ತಾತ.

ಅವಳು ಕೇಳದೆ ಮಧುಗಿರಿಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ತಾತನಿಗಿಂತ ಹೆಚ್ಚು ಓದಿದ್ದರು, ಆದ್ದರಿಂದ ಇನ್ನೂ ದೂರ ನಿಂತರು. ಬಾಯಿ ತೆರೆಸದೆಯೇ "ಏಡ್ಸ್ ಅಂದಮೇಲೆ ಹುಣ್ಣು ಇದ್ದೇ ಇರುತ್ತಮ್ಮಾ" ಎಂದು ಬಣ್ಣದ ನೀರು ಕೊಟ್ಟು ಕಳಿಸಿದರು.

ಅನ್ನ ನುಂಗಲಾಗದೆ ಹೋದಾಗ ಬೆಂಗಳೂರಿಗೆ ಒಯ್ದೆವು. ಅಲ್ಲೊಬ್ಬ ಡಾಕ್ಟರಮ್ಮ ಬಾಯಿಗೆ ಬೆರಳು ಹಾಕಿ ನೋಡಿದರು. "ಇದು ಕ್ಯಾನ್ಸರು. ತಂಬಾಕು ಯಾರಿಗೂ ಒಳ್ಳೇದಲ್ಲ, ಶಕ್ತಿ ಕುಗ್ಗಿದ ಈ ಮೈಗೆ ಇನ್ನೂ ಕೆಟ್ಟದ್ದು. ಕಲೆ ಇದ್ದಾಗಲೇ ಯಾಕೆ ತರಲಿಲ್ಲ?" ಎಂದು ಕೇಳಿದರು. ಚಿಕ್ಕಮ್ಮ ಗೋಡೆಗೆ ಹಣೆ ಒತ್ತಿ ನಿಂತಳು. ಮುಂದಿನ ಸುಗ್ಗಿ ನೋಡಲು ಚಿಕ್ಕಪ್ಪ ಇರಲಿಲ್ಲ.

ಹಾಲುತುಪ್ಪದ ದಿನ ಸತ್ತವನಿಗೆ ಇಷ್ಟವಾದದ್ದನ್ನು ಎಡೆಗೆ ಇಡಬೇಕಲ್ಲ? ಅವನು ಬದುಕಿದ್ದಾಗ ಹೊಸ್ತಿಲು ದಾಟದ ತಾತ ಅಂದು ಒಳಗೆ ಬಂದರು. ಒಂದು ಬೀಡಿ ಹಚ್ಚಿಕೊಂಡು, "ಪಾಪ, ಇದಂದ್ರೆ ಪ್ರಾಣ ಅವಂಗೆ" ಎಂದು ಎಲೆಯ ಮೇಲಿಡಲು ಬಗ್ಗಿದರು.

ಚಿಕ್ಕಮ್ಮ ಅವರ ಕೈ ತಡೆದಳು. ಎಡೆಯ ಪಕ್ಕದಲ್ಲಿದ್ದ ಚಿಕ್ಕಪ್ಪನ ಲೋಟಕ್ಕೆ ನೀರು ತುಂಬಿ ಚಾಚಿದಳು. "ಅದು ಬ್ಯಾಡ ಮಾವ. ಅವ್ರ ಲೋಟದಾಗೆ ಒಂದು ಗುಟುಕು ನೀರು ಕುಡೀರಿ. ಅವ್ರಿಗೆ ಬೇಕಾಗಿದ್ದು ಅದೊಂದೇಯ."

ತಾತ ಗಾಬರಿಯಿಂದ ಹಿಂದೆ ಸರಿದು, ಹೊಸ್ತಿಲಾಚೆ ಹೋಗಿ ನಿಂತರು. ಅಲ್ಲಿ ಕೈಯಲ್ಲಿದ್ದ ಬೀಡಿಯನ್ನು ಬಾಯಿಗಿಟ್ಟು, ಅಂಟು ಕಾಯಿಲೆಯ ಭಯ ಹೋಗುವ ತನಕ ಜೋರಾಗಿ ಎಳೆದರು.