ತೂಬಿಗೆ ಬೆನ್ನು ಕೊಟ್ಟ ಅಂಕಯ್ಯ

ಕೊಪ್ಪದಿಂದಾಚೆ, ನಾಲೆಯ ಕೊನೇ ಭಾಗದ ಆ ಊರಲ್ಲಿ ನೀರುಗಂಟಿ ಅಂಕಯ್ಯನನ್ನ ಬೈಯದ ಬಾಯೇ ಇಲ್ಲ. ಬೈಸಿಕೊಳ್ಳೋ ಕೆಲಸವೇ ಅದು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಸರದಿ ನೋಡಿ ತೂಬು ತೆಗೆದು ಮುಚ್ಚೋನು ಎಲ್ಲರಿಗೂ ಒಳ್ಳೆಯವನಾಗೋಕೆ ಆಗುತ್ತಾ? ಅವರಪ್ಪನೂ ಅದನ್ನೇ ಮಾಡಿದ, ಅವರ ತಾತನೂ ಅದನ್ನೇ ಮಾಡಿದ. ಮೂವತ್ತೆಂಟು ವರ್ಷದಿಂದ ಅಂಕಯ್ಯ ತಿರುಗಿ ಒಂದು ಮಾತು ಬೈದೋನಲ್ಲ. ಹೆದರುಪುಕ್ಲ ಅಂತ ಸ್ವಂತ ಮಗ ಮಹದೇವುನೇ ಹಂಗಿಸ್ತಿದ್ದ. ಹೆದರಿಕೆ ಅಲ್ಲ ಕಣ್ರೀ ಅದು. ಆ ಮನುಷ್ಯನ ಹಟ ನೋಡಿದೋರಿಗೆ ಗೊತ್ತು.

ನೀರು ಸಾಲದ ವರ್ಷಕ್ಕೆ ಅಂತ ಊರಿಗೊಂದು ಕಟ್ಟಳೆ ಇದೆ. ಕಡೇ ಗದ್ದೆಯಿಂದ ಶುರುಮಾಡಿ ಮೇಲಕ್ಕೆ ಬರಬೇಕು. ನೀರುಗಂಟಿಯ ಗದ್ದೆ ಎಲ್ಲೇ ಇರಲಿ, ಊರೆಲ್ಲ ಆದಮೇಲೆ ಅವನದು.

ಹೋದ ವರ್ಷ ನಾಲೆಗೆ ನಾಲ್ಕೇ ದಿನ ನೀರು ಅಂದರು. ಭತ್ತ ಹಾಲುಗಟ್ಟೋ ಹೊತ್ತು, ಈಗ ನೀರು ತಪ್ಪಿದರೆ ತೆನೆಯೆಲ್ಲ ಜೊಳ್ಳು. ಕೆಳಗಿನ ಬಯಲಲ್ಲಿ ಅಂಕಯ್ಯನ ಪಕ್ಕದ ಗದ್ದೆಯ ಬೆಳ್ಳಮ್ಮನದೂ ಸೇರಿ ಹದಿನೆಂಟು ಮನೆಯ ಗದ್ದೆ ಬಾಯಿಬಿಟ್ಟುಕೊಂಡಿತ್ತು. ನಾಲ್ಕನೇ ದಿನ ಸಂಜೆವರೆಗೂ ನೀರು ಕೆಳಕ್ಕೇ ಹೋಗಬೇಕು, ರಾತ್ರಿ ಮೇಲಿನ ನಿಂಗಯ್ಯಗೌಡರ ಸರದಿ, ಬೆಳಗಾದರೆ ನಾಲೆ ಬಂದ್. ನಿಂಗಯ್ಯನಿಗೆ ತಡೀಲಿಲ್ಲ. ಆ ದಿನ ಬೆಳಿಗ್ಗೆ ಎಂಟಕ್ಕೇ ಬಂದು ತನ್ನ ತೂಬಿನ ಹಲಗೆ ಕಿತ್ತು ನಾಲೆಗೆ ಎಸೆದ. ಹಲಗೆ ತೇಲಿಕೊಂಡು ಹೋಯಿತು, ನೀರು ಅವನ ಗದ್ದೆಗೆ ನುಗ್ಗಿತು.

ಅಂಕಯ್ಯ ಬಂದು ನೋಡಿದ. ಪಂಚೆ ಮೇಲಕ್ಕೆ ಕಟ್ಟಿ ನಾಲೆಗಿಳಿದು, ತೂಬಿನ ಬಾಯಿಗೆ ಬೆನ್ನು ಕೊಟ್ಟು ಕೂತೇಬಿಟ್ಟ! ಎದೆಮಟ್ಟ ನೀರು. ಪಕ್ಕದಲ್ಲಿ ಸಂದಿಯಿದ್ದ ಕಡೆ ಟವಲ್ಲು ತುರುಕಿದ.

"ಏಳ್ಲಾ ಅಂಕ! ಗುದ್ದಲೀಲಿ ಒಡ್ದಾಕ್ಬುಡ್ತೀನಿ!" ಅಂತ ನಿಂಗಯ್ಯ ಅರಚಿದ.

"ಒಡುದ್ರೆ ಏಳಾಕಿಲ್ಲ ಗೌಡ್ರೆ. ರಟ್ಟೆ ಇಡ್ದು ಎತ್ತಿ ಆಚೆ ಇಕ್ಕಿ. ಏನೂ ಅನ್ನಾಕಿಲ್ಲ, ಎದ್ದೋಯ್ತೀನಿ."

ಅಲ್ಲೇ ಇದ್ದದ್ದು ಫಜೀತಿ. ಅಂಕಯ್ಯ ಕೇರಿಯೋನು. ಮುಟ್ಟಿದರೆ ಮೈಲಿಗೆ ಅನ್ನೋದನ್ನ ಈಗೆಲ್ಲ ಯಾರು ನೋಡ್ತಾರೆ ಅಂತ ಪೇಟೆಯೋರು ಹೇಳ್ತಾರೆ. ಮದ್ದೂರು ಬಸ್ಸಿನಲ್ಲಿ ನಿಂಗಯ್ಯನೂ ನೋಡ್ತಿರಲಿಲ್ಲ, ಭುಜಕ್ಕೆ ಭುಜ ಒತ್ತಿಕೊಂಡೇ ನಿಲ್ತಿದ್ದ. ಬಸ್ಸಿಳಿದು ಊರಿಗೆ ಕಾಲಿಟ್ಟ ಕೂಡಲೇ ಎರಡು ಮಾರು ದೂರ. ಅರವತ್ತು ದಾಟಿದ ಇಬ್ಬರೂ ಒಂದೇ ವಾರಿಗೆಯೋರು, ಒಂದೇ ನಾಲೆಯಲ್ಲಿ ಈಜು ಕಲಿತೋರು. ಆದರೂ ನಿಂಗಯ್ಯನ ಕೈ ಬೇಕಂತ ಅಂಕಯ್ಯನನ್ನ ಮುಟ್ಟಿದ್ದಿಲ್ಲ. ಊರವರ ಎದುರು ಚಾಚಿದ ಕೈ ಅರ್ಧಕ್ಕೇ ನಿಂತಿತು. ಜೊತೆಗಿದ್ದ ಆಳುಗಳಿಗೆ ಹೇಳಿದ. ಅವರೋ, "ಮುಂದ್ಕೆ ನಮ್ಮ ಗದ್ದೆಗೂ ಅವ್ನೇ ತಾನೆ ನೀರು ಬುಡ್ಬೇಕು, ನಮ್ ಕೈಲಾಗಾಕಿಲ್ಲ" ಅಂತ ಹಿಂದಕ್ಕೆ ಸರಿದರು.

ಅಷ್ಟರಲ್ಲಿ ಮಹದೇವು ಮಚ್ಚು ಹಿಡಿದು ಓಡಿಬಂದ, ಹಿಂದೆ ಕೇರಿಯ ಐದಾರು ಜನ. ನಿಂಗಯ್ಯನಿಗೆ ಮಾತು ಸಿಕ್ಕಿತು.

"ನೋಡ್ರಪ್ಪಾ ನ್ಯಾಯನಾ! ಇವ್ನ ಗದ್ದೆ ಕೆಳಗೇ ಐತಲ್ಲ, ಅದ್ಕೇ ಕುಂತವ್ನೆ. ಕಟ್ಟಳೆ ಅಂತೆ ಕಟ್ಟಳೆ! ಇವ್ನ ಗದ್ದೆ ಬಾಯಿ ತೆಗ್ದದೆ, ನೀರು ಓಯ್ತಾ ಐತೆ, ಓಗಿ ನೋಡಿ!"

"ಇಲ್ಲ" ಅನ್ನೋಕೆ ಹೋದ ಅಂಕಯ್ಯ ಮಗನ ಮುಖ ನೋಡಿದ. ಮಹದೇವು ನೆಲ ನೋಡ್ತಿದ್ದ. ಬೆಳಿಗ್ಗೆ ಅಪ್ಪನಿಗೆ ಹೇಳದೆ ತೆಗೆದಿದ್ದ ಪುಣ್ಯಾತ್ಮ. ಮೂವತ್ತೆಂಟು ವರ್ಷದ ಮಾನ ಒಂದು ಗಳಿಗೆಗೆ ನೀರುಪಾಲು.

"ನಿಜ ಗೌಡ್ರೆ, ತಪ್ಪಾಗೈತೆ" ಅಂದ, ಎಲ್ಲರಿಗೂ ಕೇಳೋ ಹಾಗೆ. ಆಮೇಲೆ ಮಗನಿಗೆ, "ಮಚ್ಚು ಅಲ್ಲೇ ಇಕ್ಲಾ. ಗುದ್ದಲಿ ತಕ್ಕೊಂಡೋಗಿ ನಮ್ಮ ಗದ್ದೆ ಬಾಯಿ ಮುಚ್ಚು. ಕುಡ್ದಿರೋ ನೀರ್ನೂ ಬದು ಕಡ್ದು ಬೆಳ್ಳಮ್ಮನ್ ಗದ್ದೆಗೆ ತಿರುಗ್ಸು."

"ಅಪ್ಪೋ, ಭತ್ತ ಒಣಗೋಯ್ತದೆ!"

"ಒಣಗ್ಲಿ. ಓಗು."

ಮಹದೇವು ಹೋದ. ಕಣ್ಣಲ್ಲಿ ನೀರು ಹಾಕ್ಕೊಂಡೇ ಹೋದ ಅಂತ ಬೆಳ್ಳಮ್ಮ ಆಮೇಲೆ ಹೇಳಿದಳು. ನಿಂಗಯ್ಯ ಗುದ್ದಲಿ ಕೆಳಗಿಟ್ಟು ನಾಲೆಯ ಏರಿ ಮೇಲೆ ಕೂತ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಇವನು ನೀರಲ್ಲಿ, ಅವನು ಬಿಸಿಲಲ್ಲಿ.

ಹೊತ್ತು ಮುಳುಗೋ ಸಮಯಕ್ಕೆ ಕೆಳಗಿನಿಂದ ಬೆಳ್ಳಮ್ಮ ಕೂಗಿದಳು: "ಅಣ್ಣೋ, ಆಯ್ತು! ನಮ್ ಬಯಲೆಲ್ಲ ತುಂಬ್ತು ಕಣಣ್ಣೋ!"

ಅಂಕಯ್ಯನಿಗೆ ಉಸಿರು ಬಂದಂತಾಯ್ತು. ಇನ್ನು ಗೌಡರ ಸರದಿ, ಏಳಬೇಕು. ಏಳೋಕೆ ಹೋದ, ಕಾಲು ತನ್ನದೇ ಅಲ್ಲ. ಇನ್ನೊಂದು ಸಲ ಹೋದ, ಮುಗ್ಗರಿಸಿದ, ಬಾಯಿಗೆ ನೀರು ಹೋಯ್ತು. ಸತ್ತೇ ಅಂದುಕೊಂಡ. ಯಾರೋ ದಡಾರನೆ ನಾಲೆಗೆ ಧುಮುಕಿದರು. ಎರಡು ಕಂಕುಳಿಗೂ ಕೈ ಹಾಕಿ ಎತ್ತಿ ಎದೆಗೊತ್ತಿಕೊಂಡರು. ನೋಡಿದರೆ ನಿಂಗಯ್ಯ.

"ಏನ್ಲಾ ಅಂಕ" ಅಂದ ನಿಂಗಯ್ಯ. "ಇಷ್ಟೇನೇನ್ಲಾ ನಿನ್ ತೂಕ? ಇಷ್ಟು ತೂಕ ಇಟ್ಕಂಡು ಬೆಳಗಿಂದ ನನ್ನ ತಡದ್ಯಾ?"

ಅಂಕಯ್ಯನಿಗೆ ಅಳು ತಡೆಯಲಿಲ್ಲ. ಬೆಳಗಿಂದ ಬಾರದ್ದು ಈಗ ಬಂತು, ಗಂಡಸು ಅನ್ನೋದನ್ನ ಮರೆತು ಬಿಕ್ಕಿದ. ನಿಂಗಯ್ಯ ಏರಿ ಮೇಲೆ ಕೂರಿಸಿ, ಅವನ ಕಾಲು ತೊಡೆ ಮೇಲಿಟ್ಟುಕೊಂಡು ಜೋರಾಗಿ ತಿಕ್ಕತೊಡಗಿದ. ತೂಬಿಂದ ನೀರು ನುಗ್ಗುತ್ತಿತ್ತು, ಅವನು ತಿರುಗಿಯೂ ನೋಡಲಿಲ್ಲ.

"ನಿನ್ ಮಗಂಗೆ ಕೂಗು. ಮೊದ್ಲು ನಿನ್ ಗದ್ದೆಗೆ ಬುಟ್ಕಳ್ಲಿ. ನಾನೇ ತೂಬಿಗೆ ಅಡ್ಡ ಕುಂತ್ಕತೀನಿ."

ಅಂಕಯ್ಯ ಮೂಗು ಒರೆಸಿಕೊಂಡ.

"ಬ್ಯಾಡಿ ಗೌಡ್ರೆ. ಈಗ ಸರದಿ ನಿಮ್ದು" ಅಂದ.