ನಾನು ಕತ್ತರಿಸಿದ ನೂರೆಂಬತ್ತು ಅಡಿ

೧೯೮೩ರಲ್ಲಿ ನಾನು ಅಜ್ಜಂಪುರದ ಒಂದು ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದೆ. ಕಡೂರು, ತರೀಕೆರೆಗಳಲ್ಲಿ ಕೆಲಸ ಕಲಿತು ಲೈಸೆನ್ಸ್ ಪಡೆದು ಹನ್ನೊಂದು ವರ್ಷವಾಗಿತ್ತು. ಆಗಿನ ಪ್ರೊಜೆಕ್ಟರಿನಲ್ಲಿ ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಬೆಂಕಿಯೇ ಪರದೆಗೆ ಬೆಳಕು. ಕಡ್ಡಿ ಸವೆದಂತೆಲ್ಲ ಆ ಉರಿಯನ್ನು ನೋಡಿ ಸರಿಪಡಿಸಬೇಕು. ಕಪ್ಪು ಗಾಜಿನ ಮೂಲಕ ನೋಡಬೇಕೆಂಬುದು ನಿಯಮ. ನಾನೋ ಜಂಬದವನು, ಬರಿಗಣ್ಣಲ್ಲೇ ನೋಡುತ್ತಿದ್ದೆ.

ಆ ವರ್ಷ ಒಂದು ಸಿನಿಮಾ ಬಂತು. ಹೆಸರು ಮಾಡಿದ ರಾಕ್ ಸಂಗೀತಗಾರನೊಬ್ಬ ತಂಡವನ್ನೂ ಗೆಳೆಯರನ್ನೂ ಬಿಟ್ಟು ಒಂಟಿ ಮನೆಯಲ್ಲಿ ಕಳೆಯುವ ಕೊನೆಯ ದಿನಗಳ ಕಥೆ. ಫೈಟಿಲ್ಲ, ಮಾತೂ ಇಲ್ಲವೆನ್ನುವಷ್ಟು ಕಡಿಮೆ. ಜನ ಇಂಟರ್‌ವಲ್‌ನಲ್ಲೇ ಎದ್ದು ಹೋಗುತ್ತಿದ್ದರು. ಆದರೆ ತಿಂಗಳಿಗೊಂದು ಸಿನಿಮಾ ನೋಡಿದರೆ ಹೆಚ್ಚು ಎನ್ನುವ ನನ್ನ ಹೆಂಡತಿ ಶಾರದೆ ಮೂರು ದಿನ ಸತತವಾಗಿ ಮ್ಯಾಟಿನಿಗೆ ಬಂದಳು.

"ಅಣ್ಣಾ, ಅತ್ತಿಗೆ ಇವತ್ತೂ ಬಂದವ್ರೆ. ಹೀರೋ ಬಲೇ ಹಿಡಿಸ್ಬಿಟ್ಟವ್ನೆ ಕಣಣ್ಣಾ," ಎಂದು ಎರಡನೇ ದಿನ ಗೇಟ್ ಕೀಪರ್ ಬಸಣ್ಣ ಹಲ್ಲು ಕಿರಿದ.

ಅವನು ತಮಾಷೆಗೆ ಹೇಳಿದ್ದು ನನಗೆ ನಾಟಿತು. ಕ್ಯಾಬಿನ್ನಿನ ಕಿಂಡಿಯಿಂದ ಪರದೆ ಬಿಟ್ಟು ಅವಳನ್ನೇ ನೋಡತೊಡಗಿದೆ. ಒಂಬತ್ತನೇ ರೀಲಿನಲ್ಲಿ ಆ ಮನುಷ್ಯ ಗಿಟಾರನ್ನು ಮೂಲೆಗಿಟ್ಟು, ಗೋಡೆಗೆ ಮುಖ ಮಾಡಿ ಒಬ್ಬನೇ ಊಟ ಮಾಡುತ್ತಾನೆ. ಯಾರೋ ಬಾಗಿಲು ತಟ್ಟುತ್ತಾರೆ. ಅವನು ತಿರುಗುವುದಿಲ್ಲ. ಶಾರದೆ ಸೆರಗನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದುದು ಅಲ್ಲಿಯೇ, ನಾನು ಗಮನಿಸಿದ ಎರಡೂ ದಿನ. ಎಂಟು ವರ್ಷದ ಸಂಸಾರದಲ್ಲಿ ಅವಳು ನನಗಾಗಿ ಹೀಗೆ ಅತ್ತಿದ್ದನ್ನು ನಾನು ಕಂಡಿರಲಿಲ್ಲ. ಹೊಟ್ಟೆ ಉರಿದುಹೋಯಿತು. ಅವನಿಗೆ ಭುಜದವರೆಗೆ ಕೂದಲು. ನನಗೆ ಮೂವತ್ತೈದಕ್ಕೇ ನೆತ್ತಿ ಬಯಲಾಗಿತ್ತು. ನೆರಳಿನ ಮೇಲೆ ಮತ್ಸರಪಟ್ಟ ಗಂಡಸು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ನಾಲ್ಕನೇ ದಿನ, ಮ್ಯಾಟಿನಿಗೆ ಮೊದಲು, ಒಂಬತ್ತನೇ ರೀಲನ್ನು ಬಿಚ್ಚಿ ಆ ದೃಶ್ಯವನ್ನು ಕತ್ತರಿಸಿಬಿಟ್ಟೆ. ನೂರೆಂಬತ್ತು ಅಡಿ, ಅಂದರೆ ಸರಿಯಾಗಿ ಎರಡು ನಿಮಿಷ. ಸುರುಳಿ ಸುತ್ತಿ ಕಾರ್ಬನ್ ಡಬ್ಬಿಯಲ್ಲಿಟ್ಟೆ. ವಿತರಕರ ಪ್ರತಿನಿಧಿಗೆ ತಿಳಿದರೆ ನನ್ನ ಕೆಲಸ ಅಂದೇ ಮುಗಿಯುತ್ತಿತ್ತು. ಆದರೂ ಪರದೆಯ ಮೇಲೆ ಅವನು ಊಟವಿಲ್ಲದೆ ಸತ್ತಾಗ ನನಗೆ ಖುಷಿಯಾಯಿತು.

ಮ್ಯಾಟಿನಿ ಮುಗಿಸಿ ಮನೆಗೆ ಬಂದು ತಟ್ಟೆಯ ಮುಂದೆ ಕುಳಿತೆ. ಅಂದೂ ಸಿನಿಮಾಕ್ಕೆ ಬಂದಿದ್ದ ಶಾರದೆ ಸಾರು ಬಡಿಸುತ್ತಾ ಕೇಳಿದಳು: "ಅವ್ನು ಉಣ್ಣೋ ಸೀನು ಇವತ್ತು ಬರ್ಲೇ ಇಲ್ವಲ್ರೀ?"

"ಫಿಲಂ ತುಂಡಾಗಿತ್ತು. ಅಷ್ಟು ಚೆಂದ ಇದಾನಾ ಅವ್ನು?"

"ಚೆಂದ ಏನ್ ಬಂತು? ನಿಮ್ಮಂಗೇ ಗೋಡೆ ನೋಡ್ಕೊಂಡು ಉಣ್ತಾನೆ. ವರ್ಷ ಆಯ್ತು, ನನ್ ಕಡೆ ತಿರುಗಿ ಕೂತು ಒಂದ್ ತುತ್ತು ಉಂಡಿಲ್ಲ ನೀವು. ಅವ್ನಿಗೇನಾಗದೆ ಅಂತ ತಿಳಿದ್ರೆ ನಿಮಗೇನಾಗದೆ ಅಂತ ತಿಳೀತದೇನೋ ಅಂತ ಹೋಯ್ತಿದ್ದೆ ಕಣ್ರೀ."

ಆಗಲೂ ನಾನು ಗೋಡೆಗೇ ಮುಖ ಮಾಡಿದ್ದೆ. ಕಾರಣ ಇಷ್ಟೇ: ಉರಿ ನೋಡಿ ನೋಡಿ ನನ್ನ ಕಣ್ಣು ಕೆಟ್ಟಿತ್ತು, ಅವಳ ಹಿಂದಿನ ಕಿಟಕಿಯ ಬೆಳಕು ಸೂಜಿಯಂತೆ ಚುಚ್ಚುತ್ತಿತ್ತು. ಬಾಯಿ ಬಿಟ್ಟರೆ ಮಾತು ಮಾಲೀಕರ ಕಿವಿಗೆ ಬಿದ್ದೀತು, ಕೆಲಸ ಹೋದೀತು ಎಂದು ಹೆಂಡತಿಗೂ ಹೇಳಿರಲಿಲ್ಲ. ಅವತ್ತು ಎಲ್ಲವನ್ನೂ ಹೇಳಿದೆ. ಡಬ್ಬಿಯಲ್ಲಿದ್ದ ಸುರುಳಿಯ ವಿಷಯವನ್ನೂ ಹೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು. ಎದ್ದು ಹೋಗಿ ಕಿಟಕಿ ಮುಚ್ಚಿದಳು.

ಮರುದಿನ ಫಿಲಂ ಅಂಚು ಕೆರೆದು, ಫಿಲಂ ಸಿಮೆಂಟ್ ಎಂಬ ಅಂಟು ಹಚ್ಚಿ ಆ ತುಂಡನ್ನು ಎರಡೂ ತುದಿಗಳಲ್ಲಿ ಮತ್ತೆ ಜೋಡಿಸಿದೆ. ಜೋಡಿಸುವಾಗ ಪ್ರತಿ ಅಂಟಿಗೂ ಒಂದು ಫ್ರೇಮ್ ಬಲಿಯಾಗುತ್ತದೆ. ಎಷ್ಟೇ ಪಳಗಿದ ಕೈಯಾದರೂ ಅದನ್ನು ಉಳಿಸಲಾಗದು. ಕತ್ತರಿ ಹಿಡಿಯುವ ಮೊದಲು ಕೇಳಬೇಕಾದವರನ್ನು ಒಂದು ಮಾತು ಕೇಳು ಎಂಬುದನ್ನು ಈ ವೃತ್ತಿ ನನಗೆ ಕಲಿಸಿದ್ದು ಆ ಎರಡು ಫ್ರೇಮುಗಳ ಬೆಲೆಗೆ.

ಅಂದಿನ ಮ್ಯಾಟಿನಿಗೂ ಶಾರದೆ ಬಂದಳು. ನಾನು ಕಪ್ಪು ಗಾಜು ಹಿಡಿದು ಕಡ್ಡಿ ಸರಿಪಡಿಸಿ, ಕಿಂಡಿಗೆ ಕಣ್ಣಿಟ್ಟೆ. ಒಂಬತ್ತನೇ ರೀಲಿನಲ್ಲಿ ಅವನು ಗೋಡೆಯತ್ತ ತಿರುಗಿದಾಗ, ಅವಳು ಪರದೆ ಬಿಟ್ಟು ಹಿಂದಕ್ಕೆ ತಿರುಗಿ ಕಿಂಡಿಯನ್ನೇ ನೋಡುತ್ತಿದ್ದಳು.